ಮಲ್ಲಪ್ಪನ ಹೊಸ್ತಿಲಲ್ಲಿ ಉಕ್ಕಿದ ಗಂಗೆ

ಲಂಡನ್ನಿನ ಜನವರಿಯನ್ನು ಹೊಗಳುವವರನ್ನು ನಾನು ನಂಬುವುದಿಲ್ಲ. ಅಂಥವರು ಒಂದೋ ಆ ತಿಂಗಳು ಊರಿನಲ್ಲಿ ಇರುವುದಿಲ್ಲ, ಇಲ್ಲವೇ ಮನೆ ಮಾರಲು ನಿಂತಿರುತ್ತಾರೆ. ಬೆಳಿಗ್ಗೆ ಎಂಟಾಗುತ್ತ ಬಂದರೂ ಬೆಳಕಿಲ್ಲ. ಮಧ್ಯಾಹ್ನದ ಚಹಾ ಕುಡಿದು ಕಪ್ಪು ತೊಳೆದಿಡುವಷ್ಟರಲ್ಲಿ ಮತ್ತೆ ಕತ್ತಲೆ. ನಡುವೆ ಸಿಗುವ ಇಷ್ಟು ಹಗಲಿಗೂ ಹಿಂಡದೆ ನೇತುಹಾಕಿದ ಪಂಚೆಯ ಬಣ್ಣ. ಇಂಥ ತಿಂಗಳಲ್ಲಿ, ವಿಜಯಪುರದ ಬಿಸಿಲಿನಲ್ಲಿ ಅರ್ಧ ಆಯುಷ್ಯ ಒಣಗಿದ ಮಲ್ಲಪ್ಪನನ್ನು ಫೆಲ್ಥಮ್‌ನ ಒಂದು ಮನೆಯಲ್ಲಿ ಒಬ್ಬನನ್ನೇ ಬಿಟ್ಟುಹೋದರೆ ಏನಾಗಬಹುದಿತ್ತೋ ಅದೇ ಆಯಿತು.

ಮಲ್ಲಪ್ಪ ಈ ದೇಶಕ್ಕೆ ಬಂದದ್ದು ಹೆಂಡತಿಯ ವೀಸಾದ ಬಾಲ ಹಿಡಿದುಕೊಂಡು. ಹೆಂಡತಿ ಶಿವಕ್ಕ ನರ್ಸು. ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ಅವಳಿಗೆ ಕೆಲಸ. ಮಲ್ಲಪ್ಪನಿಗೆ ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಡಬ್ಬ ಎತ್ತಿಡುವ ಕೆಲಸ. ಅವರದು ಕೆಳಗಿನ ಫ್ಲಾಟು. ಮೇಲಿನ ಫ್ಲಾಟಿನಲ್ಲಿ ಉಡುಪಿ ಕಡೆಯ ರೋಬರ್ಟ್ ಮತ್ತು ಅವನ ಹೆಂಡತಿ ಪೆಟ್ರೀಷಿಯಾ. ತಮ್ಮತಮ್ಮಲ್ಲಿ ಕೊಂಕಣಿ, ಮಲ್ಲಪ್ಪನ ಜೊತೆ ಕನ್ನಡ. ಎರಡೂ ಮನೆಗೆ ಬೀದಿಯ ಕಡೆ ಬಾಗಿಲು ಒಂದೇ, ಹೊಸ್ತಿಲು ಒಂದೇ. ರೋಬರ್ಟ್ ನಿಲ್ದಾಣದ ನೌಕರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರು. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ತನ್ನ ಕಾರಿನಲ್ಲಿ ಮಲ್ಲಪ್ಪನನ್ನು ಶೆಡ್ಡಿನ ಗೇಟಿನವರೆಗೆ ಬಿಡುತ್ತಿದ್ದ. ಹೀಟರಿನ ಗಾಳಿಗೆ ಮೊಣಕಾಲೊಡ್ಡಿ ಆ ಕಾರಿನಲ್ಲಿ ಕೂತಿರುವಷ್ಟು ಹೊತ್ತು ಮಾತ್ರ ತಾನು ಮನುಷ್ಯನೆಂದು ಮಲ್ಲಪ್ಪನಿಗೆ ಅನ್ನಿಸುತ್ತಿತ್ತು.

ವರ್ಷದ ಆರಂಭದಲ್ಲೇ ಶಿವಕ್ಕ ರಜೆ ಹಾಕಿ ವಿಜಯಪುರಕ್ಕೆ ಹೋಗಬೇಕಾಯಿತು. ಮಗಳು ಅಂಕಿತಾ ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಲೇಬಾರದು ಎಂದಿದ್ದರು. ಹೊರಡುವ ದಿನ ಶಿವಕ್ಕ ಗಂಡನಿಗೆ ಬಾಯ್ಲರಿನ ಗುಂಡಿ, ಕಸದ ಡಬ್ಬಿಗಳ ಬಣ್ಣ, ಬಿಪಿ ಮಾತ್ರೆ ಎಲ್ಲವನ್ನೂ ಹೇಳಿಕೊಟ್ಟಳು. ಅವನು ಎಲ್ಲದಕ್ಕೂ ಹೂಂ ಎಂದು ಎಲ್ಲವನ್ನೂ ಮರೆತ. ಕೊನೆಗೆ ಬಾಗಿಲಲ್ಲಿ ನಿಂತು ಅವಳು ಹೇಳಿದ್ದೊಂದು ಮಾತ್ರ ನೆನಪಿನಲ್ಲಿ ಉಳಿಯಿತು.

"ಕೇಳ್ರಿ ಇಲ್ಲೆ. ನಾ ತಿರುಗಿ ಬರೂತನಕಾ ಈ ಹೊಸ್ತಲ ಒಂದಿನಾನೂ ಒಣಗಬಾರ್ದು. ಕೂಸಿನ ಸಲುವಾಗಿ ಬೇಡಿಕೊಂಡೀನಿ."

ಬೆಳಗಾಗುವ ಮುಂಚೆ ಬಾಗಿಲಿಗೆ ನೀರು ಹಾಕುವುದಕ್ಕೆ ಅವರ ಕಡೆ ಥಳಿ ಹೊಡೆಯುವುದು ಎನ್ನುತ್ತಾರೆ. ಅದರ ಮೇಲೆ ರಂಗೋಲಿ. ಇದು ಹೆಂಗಸರ ಕೆಲಸವೆಂದು ಮಲ್ಲಪ್ಪನ ತಿಳುವಳಿಕೆ. ಮೀಸೆ ಹೊತ್ತ ಗಂಡಸೊಬ್ಬ ಬಗ್ಗಿ ರಂಗೋಲಿ ಹಾಕುವುದನ್ನು ಯಾರಾದರೂ ಕಂಡರೆ ಏನು ಗತಿ ಎಂದು ಅವನು ಬೀದಿಯ ಒಂದು ಮನೆಯಲ್ಲೂ ದೀಪ ಹೊತ್ತದ ಹೊತ್ತಿನಲ್ಲಿ ಕಳ್ಳನ ಹಾಗೆ ಎದ್ದ. ಎಷ್ಟು ನೀರು? ಅವನ ಅವ್ವ ಊರಿನಲ್ಲಿ ಅಂಗಳಕ್ಕೆ ತುಂಬಿದ ಕೊಡ ಸುರಿಯುತ್ತಿದ್ದಳು. ಇಲ್ಲಿ ಕೊಡವಿಲ್ಲ, ಬಕೆಟ್ಟಿದೆ. ಚಳಿ ಬಹಳವಾದ್ದರಿಂದ ಒಂದು ಕೆಟಲ್ ಕುದಿಯುವ ನೀರನ್ನೂ ಬೆರೆಸಿದ. ಲಕ್ಷ್ಮಿಯ ಕಾಲಿಗೂ ಹಿತವಾಗಲಿ ಎಂದು. ಹೊಸ್ತಿಲಿನಿಂದ ಗೇಟಿನವರೆಗೆ ಬಕೆಟ್ ಸುರಿದು, ನಾಲ್ಕು ವಕ್ರಗೆರೆ ಎಳೆದು, ಒಳಗೆ ಬಂದು ಚಹಾ ಕುಡಿದ. ವಿಜಯಪುರದಲ್ಲಿ ಹಾಕಿದ ನೀರು ರಂಗೋಲಿ ಮುಗಿಯುವುದರೊಳಗೆ ಆರಿಹೋಗುತ್ತದೆ. ಹಾಕಿದ ನೀರು ಅಲ್ಲೇ ಕೂತು ಗಾಜಾಗುತ್ತದೆ ಎಂಬುದು ಅವನ ಅನುಭವಕ್ಕೆ ಬಂದಿರಲಿಲ್ಲ.

ಮೊದಲು ಬಿದ್ದವನು ಅಂಚೆಯವನು. ಅವನು ಎದ್ದು, ಪ್ಯಾಂಟು ಕೊಡವಿ, ಆಕಾಶವನ್ನು ಬೈದು ಹೋದ. ಪಕ್ಕದ ಮನೆಯ ಮುದುಕಿ ಮಿಸೆಸ್ ಹಾರ್ಪರಳ ನಾಯಿ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋಗಿ ಹೊಟ್ಟೆಯ ಮೇಲೆ ಕೂತುಬಿಟ್ಟಿತು. ಮಲ್ಲಪ್ಪನಿಗೆ ಮಾತ್ರ ಏನೂ ಆಗಲಿಲ್ಲ, ಏಕೆಂದರೆ ಅವನ ಕಾಲಲ್ಲಿ ಶೆಡ್ಡಿನವರು ಕೊಟ್ಟ, ಅಡಿಗೆ ಹಲ್ಲುಗಳಿರುವ ಬೂಟು. ಬಚ್ಚಲ ಗೋಡೆಗೆ ಬೂಷ್ಟು ಬರುವ ಹಾಗೆ ಈ ದೇಶದಲ್ಲಿ ನೆಲಕ್ಕೆ ಮಂಜುಗಡ್ಡೆ ತಾನಾಗಿ ಬರುತ್ತದೆಂದು ತೀರ್ಮಾನಿಸಿ, ಅದು ಕರಗಲಿ ಎಂದು ಅವನು ಇನ್ನೊಂದು ಕೆಟಲ್ ಹೆಚ್ಚಿಗೆ ಸುರಿದ.

ಮರುದಿನ ಕಾರು ಬಿಸಿ ಮಾಡಲೆಂದು ಮುಂಚೆ ಕೆಳಗಿಳಿದ ರೋಬರ್ಟ್ ಬಿದ್ದ. ಬಲಗೈಯ ಮಣಿಕಟ್ಟು ಮುರಿಯಿತು.

ಇಲ್ಲಿಂದ ಮಲ್ಲಪ್ಪನ ಕಷ್ಟಗಳು ಶುರುವಾದವು. ರೋಬರ್ಟನ ಕೈ ಪ್ಲಾಸ್ಟರಿನಲ್ಲಿ, ಕಾರು ಬೀದಿಯಲ್ಲಿ, ಮಲ್ಲಪ್ಪ ಬಸ್ ಸ್ಟಾಪಿನಲ್ಲಿ. ಆದರೂ ನೆರೆಯವನ ಧರ್ಮವನ್ನು ಅವನು ಬಿಡಲಿಲ್ಲ. ರೋಬರ್ಟನ ಮನೆಯ ಕಸದ ಡಬ್ಬಿ ಎಳೆದ, ಅಂಗಡಿ ಸಾಮಾನು ಹೊತ್ತ. ಪೆಟ್ರೀಷಿಯಾ ಕ್ರಿಸ್‌ಮಸ್ಸಿಗೆ ಮಾಡಿ ಉಳಿದಿದ್ದ ತಿಂಡಿಯನ್ನು ಡಬ್ಬಿಯಲ್ಲಿ ತುಂಬಿ ಕೊಟ್ಟಳು. ನಿಮ್ಮಂಥ ನೆರೆಯವರು ಸಿಗಲಿಕ್ಕೆ ಪುಣ್ಯ ಮಾಡಿರಬೇಕು ಎಂದ ರೋಬರ್ಟ್. ಮಲ್ಲಪ್ಪ ನಾಚಿಕೊಂಡು, ಅದೆಲ್ಲ ಏನೂ ಇಲ್ಲ, ನಾನು ದಿನಾ ಬಿಸಿನೀರಿನ ವ್ಯವಸ್ಥೆ ನೋಡಿಕೊಳ್ಳುತ್ತಿದ್ದೇನೆ ಎಂದ. ಬಾಯ್ಲರಿನ ಮಾತು ಇರಬೇಕೆಂದು ರೋಬರ್ಟ್ ತಲೆಯಾಡಿಸಿದ.

ಮನೆಯಲ್ಲಿ ಕೆಲಸವಿಲ್ಲದೆ ಕೂತ ಡ್ರೈವರನ ಕಣ್ಣು ರಸ್ತೆಯ ಮೇಲೇ ಇರುತ್ತದೆ. ಕಿಟಕಿಯಿಂದ ನೋಡಿ ನೋಡಿ ರೋಬರ್ಟ್ ಒಂದು ಸತ್ಯ ಕಂಡುಹಿಡಿದ. ಆ ವಾರ ಮಳೆಯಿರಲಿಲ್ಲ, ಬರೀ ಒಣ ಚಳಿ. ಬೀದಿಯೆಲ್ಲ ಒಣಗಿದೆ, ಮಂಜುಗಡ್ಡೆ ಇರುವುದು ತಮ್ಮ ಬಾಗಿಲಲ್ಲಿ ಮಾತ್ರ. ಅಂದಮೇಲೆ ನೆಲದಡಿಯ ಪೈಪು ಒಡೆದಿದೆ. ಅವನು ಎಡಗೈಯಲ್ಲೇ ನೀರಿನ ಕಂಪನಿಗೆ ಫೋನು ಒತ್ತಿದ.

ಕಂಪನಿಯಿಂದ ಹಳದಿ ಟೊಪ್ಪಿಗೆಯ ಅಧಿಕಾರಿಯೊಬ್ಬ ಬಂದ. ನೆಲಕ್ಕೆ ಕೋಲು ಊರಿ, ಕೋಲಿಗೆ ಕಿವಿ ಕೊಟ್ಟು, ವೈದ್ಯರು ರೋಗಿಯ ಮನೆಯವರನ್ನು ನೋಡುವ ಹಾಗೆ ಎಲ್ಲರನ್ನೂ ನೋಡಿದ. ಆಮೇಲೆ ಹೊಸ್ತಿಲ ಬಳಿ ತುಳಿತಕ್ಕೆ ಸಿಕ್ಕಿ ಆಕಾರಗೆಟ್ಟು ಗಡ್ಡೆಗೆ ಅಂಟಿದ್ದ ಬಿಳಿ ಪುಡಿಯನ್ನು ಚಾಕುವಿನಿಂದ ಕೆರೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡ. ಇದು ಖನಿಜ, ನೀರು ಬಹಳ ಆಳದಿಂದ ಬರುತ್ತಿದೆ ಎಂದ. ಮಲ್ಲಪ್ಪ ಆಗ ಶೆಡ್ಡಿನಲ್ಲಿದ್ದ. ಸಂಜೆ ಬಂದು ನೋಡಿದರೆ ಬಾಗಿಲ ಮುಂದೆ ಆಳುದ್ದದ ಗುಂಡಿ, ಸುತ್ತ ಕೆಂಪು ಬಿಳಿ ಬೇಲಿ, ಗುಂಡಿಯ ಮೇಲೆ ದಾಟಿಬರಲು ಒಂದು ಹಲಗೆ.

ಗುಂಡಿಯಲ್ಲಿ ಒಡೆದ ಪೈಪು ಸಿಗಲಿಲ್ಲ. ಕಂಪನಿಯವರು ಮುನ್ನೆಚ್ಚರಿಕೆಯೆಂದು ಬೀದಿಯ ನಾಲ್ಕೈದು ಮನೆಗಳ ನೀರು ನಿಲ್ಲಿಸಿ, ಮನೆಗಿಷ್ಟು ಬಾಟಲಿ ನೀರು ಹಂಚಿದರು. ನಲ್ಲಿ ಬಂದಾಯಿತು, ಆದರೆ ಹೊಸ್ತಿಲು ಒಣಗುವ ಹಾಗಿಲ್ಲವಲ್ಲ. ಮಲ್ಲಪ್ಪ ಸ್ನಾನ ಬಿಟ್ಟ, ದಾಲ್ ಮಾಡುವುದನ್ನು ಬಿಟ್ಟ, ತನ್ನ ಪಾಲಿನ ಬಾಟಲಿಗಳನ್ನು ಒಂದೊಂದಾಗಿ ಕಾಯಿಸಿ ಬೆಳಗಿನ ಕತ್ತಲಲ್ಲಿ ಬಾಗಿಲಿಗೆ ಸುರಿದ. ನೀರು ನಿಲ್ಲಿಸಿದ ಮೇಲೂ ನೆಲ ಒದ್ದೆಯಾಗಿರುವುದನ್ನು ಕಂಡ ಅಧಿಕಾರಿ ತನ್ನ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಇದು ಪೈಪಿನ ನೀರಲ್ಲ, ಚಿಲುಮೆಯೇ ಇರಬೇಕು ಎಂದು ಹೇಳಿ, ದೊಡ್ಡವರನ್ನು ಕರೆತರುತ್ತೇನೆಂದು ಹೋದ.

ಚಿಲುಮೆಯ ಸುದ್ದಿ ಶಶಿಧರನಿಗೆ ಮುಟ್ಟಿತು. ಶಶಿಧರ ಧಾರವಾಡದವನು, ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಕೆಲಸ, ಪಶ್ಚಿಮ ಲಂಡನ್ನಿನ ಒಂದು ಸಣ್ಣ ಕನ್ನಡ ಕೂಟಕ್ಕೆ ಕಾರ್ಯದರ್ಶಿ. ಆ ವರ್ಷದ ಸಂಕ್ರಾಂತಿ ಕಾರ್ಯಕ್ರಮಕ್ಕೆ ಕರೆದಿದ್ದ ಗಾಯಕರು ಬರುವುದಿಲ್ಲವೆಂದು ಕೈಕೊಟ್ಟಿದ್ದರು. ಅವನಿಗೆ ಏನಾದರೂ ಒಂದು ವಿಶೇಷ ಬೇಕಾಗಿತ್ತು. ನಲ್ಲಿ ನಿಲ್ಲಿಸಿದರೂ ನಿಲ್ಲದ ನೀರು, ಅದೂ ಉತ್ತರಾಯಣದ ಹೊತ್ತಿಗೆ, ಅದೂ ಕನ್ನಡಿಗನ ಬಾಗಿಲಲ್ಲಿ. ಆ ಸಂಜೆಯೇ ಎಲ್ಲರ ಫೋನಿಗೂ ಸಂದೇಶ ಬಂತು: ಫೆಲ್ಥಮ್‌ನಲ್ಲಿ ಗಂಗೆ.

ಹೆಂಗಸರು ತಾಮ್ರದ ತಂಬಿಗೆ ಹಿಡಿದು ಬಂದರು. ಹಲಗೆ ದಾಟಿ, ಮಂಜುಗಡ್ಡೆಯನ್ನು ಚಮಚದಿಂದ ಕೆರೆದು ತಂಬಿಗೆಗೆ ತುಂಬಿಕೊಂಡರು. ಕಂಪನಿಯವನಿಗೆ ಖನಿಜವಾಗಿದ್ದ ಬಿಳಿ ಪುಡಿ ಇವರಿಗೆ ವಿಭೂತಿಯಾಯಿತು, ಹಣೆಗೂ ಹಚ್ಚಿಕೊಂಡರು. ಅಂಬುಜಾ ಎಂಬಾಕೆ ಜಾರಿ ಗುಂಡಿಯ ಅಂಚಿನಲ್ಲಿ ಬೇಲಿ ಹಿಡಿದು ನೇತಾಡಿ, ಮೇಲೆ ಬಂದ ಮೇಲೆ, ದೇವಿಯೇ ಕೈಹಿಡಿದಳು ಎಂದಳು. ಕೈಹಿಡಿದದ್ದು ಪೆಟ್ರೀಷಿಯಾ. ಇದನ್ನೆಲ್ಲ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದ ಮಲ್ಲಪ್ಪನಿಗೆ ಒಂದು ಕ್ಷಣ ತಾನೂ ನಂಬಬೇಕೆನ್ನಿಸಿತು. ಅಷ್ಟೆಲ್ಲ ಓದಿದವರು ಹೇಳುತ್ತಿರುವಾಗ ಇಲ್ಲವೆನ್ನಲು ತಾನು ಯಾರು?

ಅವನ ಕಣ್ಣು ತೆರೆಸಿದವಳು ಮಿಸೆಸ್ ಹಾರ್ಪರ್. ಬೇಲಿಯಾಚೆ ನಿಂತಿದ್ದ ಅವಳಿಗೆ ಅವನು ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ, ದಿನಾ ಬಿಸಿನೀರು ಹಾಕಿದರೆ ಈ ಗಡ್ಡೆ ಹೋಗುತ್ತದಲ್ಲವೇ ಎಂದು ಕೇಳಿದ. ಅವಳು ಅವನನ್ನು ಕನಿಕರದಿಂದ ನೋಡಿದಳು. ಈ ಚಳಿಯಲ್ಲಿ ಬಿಸಿಯಾಗಲಿ ತಣ್ಣಗಾಗಲಿ, ನೆಲಕ್ಕೆ ಬಿದ್ದ ನೀರೆಲ್ಲ ಗಡ್ಡೆಯೇ. ಹಾಗೆ ನೀರು ಸುರಿಯುವವನಿಗೆ ತಲೆ ಕೆಟ್ಟಿರಬೇಕು ಅಷ್ಟೆ ಎಂದಳು.

ಮಲ್ಲಪ್ಪ ಒಳಗೆ ಬಂದು ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತ. ಅಂಚೆಯವನು, ನಾಯಿ, ಅಂಬುಜಾ, ಗುಂಡಿ, ಬೇಲಿ, ನಾಲ್ಕೈದು ಮನೆಗಳ ನೀರು. ಎಲ್ಲಕ್ಕಿಂತ ಮೇಲೆ ರೋಬರ್ಟನ ಕೈ. ಡ್ರೈವರನ ಬಲಗೈ. ಅವನಿಗೆ ಅಳು ಬಂತು. ಆಗಲೇ ಶಿವಕ್ಕನ ಫೋನು ಬಂತು. ಅಂಕಿತಾಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಸ್ವಲ್ಪ ನೋವು ಕಾಣಿಸಿಕೊಂಡಿದೆ ಎಂದಳು. ಶಿವಕ್ಕನ ದನಿ ಎಂದಿನಂತಿರಲಿಲ್ಲ. ಎಷ್ಟೋ ಜನರ ಸಾವನ್ನು ಹತ್ತಿರದಿಂದ ಕಂಡ ಹೆಂಗಸು ಅವಳು, ಹಾಗೆಲ್ಲ ಹೆದರುವವಳಲ್ಲ.

"ಬಾಗಲಕ್ಕ ನೀರ ಬೀಳಾಕತ್ತೈತಿಲ್ರಿ?" ಎಂದು ಕೇಳಿದಳು.

"ಬೀಳಾಕತ್ತೈತಿ" ಎಂದ ಮಲ್ಲಪ್ಪ.

"ಹಂಗಾರ ಏನೂ ಆಗೂದಿಲ್ಲ ಬಿಡ್ರಿ."

ಇಷ್ಟು ಕೇಳಿದ ಮೇಲೆ ನಿಲ್ಲಿಸುವುದು ಹೇಗೆ? ನೀರು ಹಾಕಿದರೆ ಯಾರದೋ ಕಾಲು ಮುರಿಯುತ್ತದೆ, ಹಾಕದಿದ್ದರೆ ಮಗಳಿಗೆ ಏನಾಗುತ್ತದೋ. ಮಲ್ಲಪ್ಪ ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿ ನಡುದಾರಿ ಹಿಡಿದ. ಇನ್ನು ಬಕೆಟ್ ಬೇಡ, ಒಂದೇ ಲೋಟ.

ಸಂಕ್ರಾಂತಿ ಕೂಟದ ಭಾನುವಾರ ಬೆಳಿಗ್ಗೆ ಅವನು ಲೋಟ ಹಿಡಿದು ಬಾಗಿಲು ತೆರೆದಾಗ ಹಿಂದಿನಿಂದ ಕೆಮ್ಮು ಕೇಳಿತು. ಕೈ ನೋವಿಗೆ ನಿದ್ದೆ ಬಾರದ ರೋಬರ್ಟ್ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಿದ್ದ.

"ಅದೆಂತ ಮಲ್ಲಪ್ಪ, ಕೈಯಲ್ಲಿ?"

"ನೀರ್ರಿ."

"ಆ ಕೈಯಲ್ಲಿ?"

"ರಂಗೋಲಿ ಪುಡಿರಿ."

ರೋಬರ್ಟ್ ತೆರೆದ ಬಾಗಿಲಿನಾಚೆಯ ಗುಂಡಿ ನೋಡಿದ, ಬೇಲಿ ನೋಡಿದ, ಆಮೇಲೆ ತನ್ನ ಪ್ಲಾಸ್ಟರು ನೋಡಿಕೊಂಡ. ದಿನಾಲೂವಾ ಎಂದು ಕೇಳಿದ. ಮೊದಲೆಲ್ಲ ಬಕೆಟ್‌ಗಟ್ಟಲೆ ಹಾಕುತ್ತಿದ್ದೆ, ಈಗ ಕಡಿಮೆ ಮಾಡಿದ್ದೇನೆ ಎಂದ ಮಲ್ಲಪ್ಪ, ಅದರಿಂದ ಏನೋ ಸಮಾಧಾನ ಆಗಬಹುದೆಂಬಂತೆ. ಕಡಿಮೆ ಮಾಡಿದ್ದೀರಿ ಎಂದ ರೋಬರ್ಟ್.

"ಅಂಕಿತಾಂದು ಎರಡ ಸಲ ಹೋಗೇತ್ರಿ ರೋಬರ್ಟ್. ಇದು ಮೂರನೇದು. ಹೊಸ್ತಲ ಒಣಗಬಾರ್ದಂತ ಹೇಳಿ ಹೋಗ್ಯಾಳ್ರಿ ಆಕಿ. ಇಷ್ಟ ದೂರದಾಗ ಕುಂತು ನಾ ಮತ್ತೇನ ಮಾಡ್ಲಿ? ನನ್ನ ಕೈಲಾಗೂದು ಇದೊಂದ."

"ನನಗೊಂದು ಮಾತು ಹೇಳಬಹುದಿತ್ತು ಅಲ್ವಾ" ಎಂದ ರೋಬರ್ಟ್. ಕಂಬಳಿ ಎಳೆದುಕೊಂಡು ಮೇಲೆ ಹೋದ. ಮೇಲಿನ ಬಾಗಿಲು ಮುಚ್ಚಿಕೊಂಡಿತು. ಜೋರಾಗಿ ಹಾಕಿದ್ದರೆ ಮಲ್ಲಪ್ಪನಿಗೆ ಎಷ್ಟೋ ಮೇಲಾಗುತ್ತಿತ್ತು, ಅವನು ಮೆಲ್ಲಗೆ ಹಾಕಿಕೊಂಡ.

ಮಲ್ಲಪ್ಪ ಲೋಟವನ್ನು ತುಂಬಿದ್ದು ತುಂಬಿದ ಹಾಗೆಯೇ ಅಡುಗೆಮನೆಯಲ್ಲಿ ಇಟ್ಟ. ಆ ದಿನ ಹೊಸ್ತಿಲಿಗೆ ನೀರು ಬೀಳಲಿಲ್ಲ. ಕೂತಲ್ಲೇ ಕೂತಿದ್ದವನನ್ನು ಎಬ್ಬಿಸಿದ್ದು ಕೂಟದ ಸನ್ಮಾನಕ್ಕೆ ಕರೆದೊಯ್ಯಲು ಬಂದ ಶಶಿಧರನ ಕಾರಿನ ಹಾರ್ನು. ಮಲ್ಲಪ್ಪ ಮಗಳ ಲಗ್ನದಲ್ಲಿ ಹೊಲಿಸಿದ ಕೋಟು, ಆಗಲೇ ಕೊಂಡ ಕನ್ನಡಿಯಂಥ ಅಡಿಯ ಬೂಟು ಹಾಕಿಕೊಂಡು ಹೊರಟ.

ಅಕ್ಸ್‌ಬ್ರಿಡ್ಜ್‌ನ ಒಂದು ಶಾಲೆಯ ಸಭಾಂಗಣ. ಎಳ್ಳು ಬೆಲ್ಲದ ಪೊಟ್ಟಣ, ಕಬ್ಬಿನ ತುಂಡು, ಆಫ್ ಮಾಡಲು ಬಾರದ ಹೀಟರು. ಶಶಿಧರ ವೇದಿಕೆ ಹತ್ತಿದೊಡನೆ ಧಾರವಾಡದ ಮಾತನ್ನು ಕೆಳಗೇ ಬಿಟ್ಟು ಬೆಂಗಳೂರಿನ ಕನ್ನಡದಲ್ಲಿ, ಪರದೇಶದಲ್ಲೂ ನಮ್ಮ ಮಣ್ಣಿನ ಮಗನ ಮನೆಬಾಗಿಲನ್ನು ಹುಡುಕಿಕೊಂಡು ಬಂದ ತಾಯಿಯನ್ನು ಕುರಿತು ಮಾತನಾಡಿದ. ಮಲ್ಲಪ್ಪನಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮುಂದಿನ ಸಾಲಿನ ಒಬ್ಬ ಹುಡುಗಿ, ಈ ಅಂಕಲ್ ಪ್ಲಂಬರಾ ಎಂದು ಇಂಗ್ಲಿಷಿನಲ್ಲಿ ತಾಯಿಯನ್ನು ಕೇಳಿ ಚಿವುಟಿಸಿಕೊಂಡಳು. ಇಡೀ ಸಭೆಯಲ್ಲಿ ನಿಜದ ಹತ್ತಿರಕ್ಕೆ ಬಂದವಳು ಅವಳೊಬ್ಬಳೇ.

ಎರಡು ಮಾತಾಡಲು ಮೈಕು ಕೊಟ್ಟರು. ಮಲ್ಲಪ್ಪ ಗಟ್ಟಿ ಮನಸ್ಸು ಮಾಡಿದ.

"ಅದು ಗಂಗಿ ಅಲ್ರಿ" ಎಂದ. "ನಾನ ಅದು."

ನಿವೃತ್ತ ಪ್ರಾಧ್ಯಾಪಕ ನರಸಿಂಹಮೂರ್ತಿಗಳು ಕಣ್ಣು ಮುಚ್ಚಿ, ಅದ್ವೈತವನ್ನು ಇಷ್ಟು ಸರಳವಾಗಿ ಹೇಳಿದವರನ್ನು ತಾವು ಕಂಡಿಲ್ಲವೆಂದು ಪಕ್ಕದವರಿಗೆ ಪಿಸುಗುಟ್ಟಿದರು. ಆಮೇಲೆ ಬಿದ್ದ ಚಪ್ಪಾಳೆಯಲ್ಲಿ, ಬಕೀಟ, ಕೆಟಲ್, ರೋಬರ್ಟನ ಕೈ ಎಂದು ಮಲ್ಲಪ್ಪ ಹೇಳಿದ್ದೆಲ್ಲ ಮುಳುಗಿಹೋಯಿತು. ಅವನು ವೇದಿಕೆಯಿಂದ ಇಳಿದು ಒಂದು ಮೂಲೆಯಲ್ಲಿ ಫೋನು ಹಿಡಿದು ಕೂತ. ವಿಜಯಪುರದಿಂದ ಯಾವ ಕರೆಯೂ ಬರಲಿಲ್ಲ. ಅವನು ಮಾಡಿದರೆ ಶಿವಕ್ಕ ಎತ್ತಲಿಲ್ಲ.

ಕತ್ತಲಾದ ಮೇಲೆ ಶಶಿಧರ ಅವನನ್ನು ಬೀದಿಯ ತುದಿಯಲ್ಲಿ ಇಳಿಸಿ ಹೋದ. ಹಾರ, ಶಾಲು, ಬುಟ್ಟಿಯೊಂದಿಗೆ ಮಲ್ಲಪ್ಪ ಮನೆಯ ಹತ್ತಿರ ಬಂದವನು ಗೇಟಿನಲ್ಲೇ ನಿಂತ. ಬೀದಿದೀಪದ ಬೆಳಕಿಗೆ ಹೊಸ್ತಿಲು ಹೊಳೆಯುತ್ತಿತ್ತು. ನೀರು ಬಿದ್ದಿತ್ತು. ಪಕ್ಕದಲ್ಲಿ ಬಿಳಿ ಪುಡಿಯಲ್ಲಿ ಒಂದು ನಕ್ಷತ್ರ, ಕ್ರಿಸ್‌ಮಸ್ಸಿಗೆ ಕಿಟಕಿಯಲ್ಲಿ ತೂಗಿಬಿಡುತ್ತಾರಲ್ಲ, ಅಂಥದ್ದು. ಮಲ್ಲಪ್ಪನ ಕಣ್ಣು ತುಂಬಿ ಬಂತು. ಅವನು ಹಲಗೆ ದಾಟಿ ಓಡಿದ.

ಆ ಬೂಟಿನಲ್ಲಿ ಓಡಬಾರದಿತ್ತು. ಬುಟ್ಟಿಯ ಸೇಬು ಬೀದಿಗೆ ಉರುಳಿದವು. ಮಲ್ಲಪ್ಪ ಎಡಗೈಯ ಮೇಲೆ ಬಿದ್ದ. ಒಳಗೆ ಏನೋ ಕಟ್ಟೆಂದದ್ದು ಅವನಿಗೇ ಕೇಳಿಸಿತು.

ರೋಬರ್ಟ್, ಹಿಂದೆ ಪೆಟ್ರೀಷಿಯಾ, ಓಡಿ ಬಂದರು. ಒಂದು ಕೈಯಲ್ಲಿ ಎತ್ತಲಾರದೆ ರೋಬರ್ಟ್ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತುಬಿಟ್ಟ.

"ಮಧ್ಯಾಹ್ನ ನಾನೇ ಹಾಕಿದ್ದು ಮಾರಾಯ್ರೆ. ಎಡಗೈಯಲ್ಲಿ ಬಾಟಲಿ ಹಿಡಿದದ್ದಲ್ವಾ, ಸ್ವಲ್ಪ ಜಾಸ್ತಿ ಬಿತ್ತು. ಮೇಲಿಂದ ಉಪ್ಪು ಹಾಕ್ಲಿಕ್ಕೆ ಹೊರಟಿದ್ದೆ, ಗಡ್ಡೆ ಕಟ್ಟುವುದಿಲ್ಲ ಅಂತ. ಇವಳು ಬಿಡಲಿಲ್ಲ. ಹೊಸ್ತಿಲಿಗೆ ಉಪ್ಪು ಹಾಕಿದರೆ ನಿಮ್ಮಲ್ಲಿ ಅಪಶಕುನವೋ ಎಂತವೋ, ಮಗುವಿನ ವಿಷಯ ಅಲ್ವಾ ಅಂತ."

ಅಷ್ಟರಲ್ಲಿ ಮಲ್ಲಪ್ಪನ ಕೋಟಿನಲ್ಲಿ ಫೋನು ರಿಂಗಾಯಿತು. ರೋಬರ್ಟ್ ಅದನ್ನು ಎಳೆದು ಸ್ಪೀಕರಿಗೆ ಹಾಕಿದ. ಶಿವಕ್ಕ. ಆಪರೇಷನ್ ಮಾಡಿ ತೆಗೆದರು, ಹೆಣ್ಣು ಎಂದಳು. ಎರಡು ತಿಂಗಳ ಮುಂಚೆ, ಅಂಗೈಯಷ್ಟೇ ಇದೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅಂಕಿತಾ ಹುಷಾರಾಗಿದ್ದಾಳೆ. ಕೂಸಿನ ಮಾತು ಮಾತ್ರ ಇನ್ನಷ್ಟು ದಿನ ಏನೂ ಹೇಳಲು ಬರುವುದಿಲ್ಲವಂತೆ.

"ಆದ್ರ ಅತ್ತೈತ್ರಿ" ಎಂದಳು. "ನಾ ಕಿವಿಯಾರೆ ಕೇಳೀನಿ. ಹೊಸ್ತಲಕ್ಕ ಇವತ್ತ ನೀರ ಬಿದ್ದೈತಿಲ್ಲ?"

"ಒದ್ದೆ ಉಂಟು ಶಿವಕ್ಕ. ಬೇಕಾದಷ್ಟು ಒದ್ದೆ ಉಂಟು" ಎಂದ ರೋಬರ್ಟ್.

ಬೇಕಾದಷ್ಟು ಎಂದರೆ ಎಷ್ಟು ಎಂದು ಶಿವಕ್ಕ ಕೇಳಿದಳು. ನರ್ಸು ಪ್ರಮಾಣ ಕೇಳದೆ ಬಿಡುವವಳಲ್ಲ. ಬಕೆಟ್ಟಿನ ಸಂಗತಿ ಹೊರಗೆ ಬಂತು.

"ಆ ಚಳ್ಯಾಗ ನೀರ ಸುರೀತಾರೇನ್ರಿ ಯಾರರ? ನಾ ಅಲ್ಲಿ ಒಂದ ಹಸಿ ಬಟ್ಟಿಲೆ ಒರಸ್ತಿದ್ನಲ್ಲ. ದಿನಾ. ಅಷ್ಟ ಸಾಕು ಅದಕ್ಕ. ನೀವು ನೋಡೇ ಇಲ್ಲೇನು?"

"ನಾ ಮಕ್ಕೊಂಡಿರ್ತಿದ್ದೆ ಆವಾಗ" ಎಂದ ಮಲ್ಲಪ್ಪ.

ಡಾಕ್ಟರು ಕರೆಯುತ್ತಿದ್ದಾರೆಂದು ಅವಳು ಫೋನಿಟ್ಟಳು. ಮದುವೆಯಾದಂದಿನಿಂದ ಪ್ರತಿ ಬೆಳಿಗ್ಗೆ ತಾನು ನಿದ್ದೆ ಮಾಡುತ್ತಿರುವಾಗ ಬಾಗಿಲಲ್ಲಿ ನಡೆದಿದ್ದನ್ನು ಒಮ್ಮೆಯೂ ಎದ್ದು ನೋಡಲಿಲ್ಲವಲ್ಲ ಎಂದು ಮಲ್ಲಪ್ಪನಿಗೆ ಮುರಿದ ಕೈಗಿಂತ ಹೆಚ್ಚು ನೋವಾಯಿತು. ಪೆಟ್ರೀಷಿಯಾ ಉಪ್ಪಿನ ಪೊಟ್ಟಣ ತಂದು ಹಾದಿಗೆಲ್ಲ ಎರಚಿ, ಹೊಸ್ತಿಲ ಬಳಿ ಬಂದು ಕೈ ತಡೆದು ನಿಂತಳು. ಮೊದಲು ಆಸ್ಪತ್ರೆಗೆ ಹೋಗುವಾ, ಕಂಪನಿಯವರಿಗೆ ನಾಳೆ ಹೇಳುವಾ ಎಂದ ರೋಬರ್ಟ್.

ಒಂದು ನಿಮಿಷ ತಡೀರಿ ಎಂದ ಮಲ್ಲಪ್ಪ. ಬಿದ್ದಾಗ ತೊಯ್ದು ಭಾರವಾಗಿದ್ದ ಸನ್ಮಾನದ ಶಾಲನ್ನು ಹೆಗಲಿನಿಂದ ಎಳೆದು ಮುದ್ದೆ ಮಾಡಿದ. ಹೊಸ್ತಿಲನ್ನು ಈ ತುದಿಯಿಂದ ಒರೆಸಲು ತೊಡಗಿದ. ಒಂದೇ ಕೈಯಾದ್ದರಿಂದ ಶಾಲು ಜಾರುತ್ತಿತ್ತು. ರೋಬರ್ಟ್ ತನ್ನ ಎಡಗೈಯಿಂದ ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡ.